ತಾಳಿಕೆಯ ಕ್ರೀಡೆಯಲ್ಲಿ ಗುರುವಿನ ಕಡಿವಾಣ

ಈಜು, ಸೈಕಲ್ ಸವಾರಿ, ಓಟ ಈ ಮೂರೂ ಬಾಲಕರಿಗೆ ಆಟ. ಆದರೆ ಮೂರನ್ನೂ ಒಂದೇ ದಿನ, ನಡುವೆ ವಿಶ್ರಾಂತಿಯಿಲ್ಲದೆ, ಒಂದರ ಬೆನ್ನಿಗೆ ಒಂದರಂತೆ ಮುಗಿಸಬೇಕೆಂದಾಗ ಅದು ಕೇವಲ ಆಟವಾಗಿ ಉಳಿಯುವುದಿಲ್ಲ. ಟ್ರಯಥ್ಲಾನ್ ಎಂದು ಹೆಸರಾದ ಈ ಸ್ಪರ್ಧೆಯ ಅತ್ಯಂತ ಪ್ರಸಿದ್ಧವಾದ ರೂಪವು ಪೆಸಿಫಿಕ್ ಸಾಗರದ ಹವಾಯಿ ದ್ವೀಪಸಮೂಹದಲ್ಲಿ 1978ರ ಫೆಬ್ರವರಿ 18ರಂದು ಹುಟ್ಟಿತು. ಓಟಗಾರ, ಈಜುಗಾರ, ಸೈಕಲ್ ಸವಾರ ಇವರಲ್ಲಿ ಹೆಚ್ಚಿನ ಕಸುವುಳ್ಳವನು ಯಾರೆಂಬ ಚರ್ಚೆಯೇ ಅದಕ್ಕೆ ಕಾರಣವಾಯಿತು. ಅಮೆರಿಕದ ನೌಕಾದಳದ ಅಧಿಕಾರಿ ಜಾನ್ ಕಾಲಿನ್ಸ್ ಮತ್ತು ಅವರ ಪತ್ನಿ ಜೂಡಿ ಕಾಲಿನ್ಸ್ ಅವರು ಒಅಹು ದ್ವೀಪದಲ್ಲಿ ಬೇರೆಬೇರೆಯಾಗಿ ನಡೆಯುತ್ತಿದ್ದ ಮೂರು ಸ್ಪರ್ಧೆಗಳನ್ನು ಒಂದಾಗಿ ಜೋಡಿಸಿದರು: ಸಮುದ್ರದಲ್ಲಿ 3.8 ಕಿಲೋಮೀಟರು ಈಜು, ಬಳಿಕ 180 ಕಿಲೋಮೀಟರು ಸೈಕಲ್ ಸವಾರಿ, ಕೊನೆಗೆ 42 ಕಿಲೋಮೀಟರಿಗೂ ತುಸು ಹೆಚ್ಚಿನ ಮ್ಯಾರಥಾನ್ ಓಟ. ಗೆದ್ದವನನ್ನು ‘ಐರನ್ ಮ್ಯಾನ್’, ಅಂದರೆ ಉಕ್ಕಿನ ಮನುಷ್ಯ, ಎಂದು ಕರೆಯುವುದೆಂದು ನಿಶ್ಚಯವಾಯಿತು. ಹದಿನೈದು ಮಂದಿ ಹೊರಟರು. ಹನ್ನೆರಡು ಮಂದಿ ಮುಗಿಸಿದರು. ಗಾರ್ಡನ್ ಹ್ಯಾಲರ್ ಅವರು 11 ಗಂಟೆ 46 ನಿಮಿಷಗಳಲ್ಲಿ ಮೊದಲಿಗರಾದರು. ಅವರಿಗಿಂತ ಮುಂದಿದ್ದ ಜಾನ್ ಡನ್‌ಬಾರ್ ಅವರಿಗೆ ದಾರಿಯಲ್ಲಿ ನೀರು ಮುಗಿದುಹೋಗಿ, ಜೊತೆಗಿದ್ದ ಸಹಾಯಕರು ಬಿಯರನ್ನು ಕುಡಿಸಿದರೆಂದೂ ಅವರು ಎರಡನೆಯವರಾಗಿ ಬಂದರೆಂದೂ ಇತಿಹಾಸವು ಹೇಳುತ್ತದೆ. ತರಗತಿಯಲ್ಲಿ ಈ ವಿವರವನ್ನು ಬಿಟ್ಟು ಮುಂದೆ ಸಾಗುವುದೇ ಲೇಸು.

ಈ ಸ್ಪರ್ಧೆಯನ್ನು ಜಗತ್ತಿಗೆ ಪರಿಚಯಿಸಿದ್ದು ಒಂದು ಗೆಲುವಲ್ಲ, ಒಂದು ಕುಸಿತ. 1982ರ ಫೆಬ್ರವರಿಯಲ್ಲಿ ಜೂಲಿ ಮಾಸ್ ಎಂಬ 23 ವರ್ಷದ ಕಾಲೇಜು ವಿದ್ಯಾರ್ಥಿನಿ ಮಹಿಳೆಯರಲ್ಲಿ ಮುಂಚೂಣಿಯಲ್ಲಿದ್ದರು. ವ್ಯಾಸಂಗದ ಅಂಗವಾಗಿ ಬರೆಯಬೇಕಾಗಿದ್ದ ಪ್ರಬಂಧಕ್ಕೆಂದು ಅವರು ಸ್ಪರ್ಧೆಗೆ ಇಳಿದಿದ್ದರು. ಅದಕ್ಕೆ ತಕ್ಕ ದೀರ್ಘಕಾಲದ ಸಾಧನೆ ಅವರಿಗಿರಲಿಲ್ಲ. ಗುರಿ ಕಣ್ಣಿಗೆ ಕಾಣುವಷ್ಟು ಹತ್ತಿರ ಬಂದಾಗ ಕಾಲುಗಳು ಸೋತವು. ಬಿದ್ದರು, ಎದ್ದರು, ಮತ್ತೆ ಬಿದ್ದರು. ಕೆಲವೇ ಗಜಗಳ ಅಂತರದಲ್ಲಿ ಅವರು ನೆಲಕ್ಕೊರಗಿದ್ದಾಗ ಕ್ಯಾಥ್ಲೀನ್ ಮೆಕಾರ್ಟ್ನಿ ಅವರನ್ನು ದಾಟಿ ಮುಂದೆ ಹೋದರು. ಮಾಸ್ ಅವರು ಅಂಬೆಗಾಲಿಟ್ಟು ಗೆರೆಯನ್ನು ಮುಟ್ಟಿದರು. ಇಬ್ಬರ ನಡುವಣ ಅಂತರ 29 ಸೆಕೆಂಡು. ದೂರದರ್ಶನದಲ್ಲಿ ಇದನ್ನು ಕಂಡ ಲಕ್ಷಾಂತರ ಜನ ಕಣ್ಣೀರು ತಂದುಕೊಂಡರು.

ಆ ಛಲಕ್ಕೆ ತಲೆಬಾಗದವರು ಯಾರು? ಆದರೂ ಶಿಕ್ಷಕನಾದವನು ಚಪ್ಪಾಳೆ ತಟ್ಟಿ ಸುಮ್ಮನಾಗುವಂತಿಲ್ಲ. ಒಬ್ಬ ಯುವತಿ ನೆಲದ ಮೇಲೆ ತೆವಳುವ ಸ್ಥಿತಿ ಬಂದದ್ದೇಕೆ, ಅದು ಬಾರದಂತೆ ಸಿದ್ಧಗೊಳಿಸುವ ಬಗೆ ಯಾವುದು ಎಂಬುದು ಅವನು ಕೇಳಬೇಕಾದ ಪ್ರಶ್ನೆ. ಈ ಪ್ರಶ್ನೆಗೆ ಉತ್ತರವನ್ನು, ಅದೇ ದೃಶ್ಯವನ್ನು ದೂರದರ್ಶನದಲ್ಲಿ ನೋಡಿ ಅದೇ ಸ್ಪರ್ಧೆಗೆ ಮನಸ್ಸು ಕೊಟ್ಟ ಇನ್ನೊಬ್ಬ ತರುಣನ ಜೀವನದಲ್ಲಿ ಹುಡುಕಬಹುದು.

ಅವರ ಹೆಸರು ಮಾರ್ಕ್ ಆಲನ್. ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯೇಗೋ ಪ್ರದೇಶದ ಕಡಲತೀರದಲ್ಲಿ ಜೀವರಕ್ಷಕರಾಗಿದ್ದ ಈಜುಗಾರ. ಆಗ 24ರ ಪ್ರಾಯ. ಅಂದಿನ ತರುಣರೆಲ್ಲರಂತೆ ಅವರಿಗೂ ಒಂದೇ ಸೂತ್ರ ತಿಳಿದಿತ್ತು: ಪ್ರತಿದಿನವೂ ಉಸಿರು ಕಟ್ಟುವಷ್ಟು ವೇಗ, ನೋವಿಲ್ಲದೆ ಫಲವಿಲ್ಲ. ಅದರ ಫಲವಾಗಿ ವೇಗವೇನೋ ಬಂದಿತು. ಅದರೊಡನೆ ಗಾಯಗಳೂ ಬಳಲಿಕೆಯೂ ಬಂದವು. ಆ ಹೊತ್ತಿನಲ್ಲಿ ಅವರಿಗೆ ದೊರೆತ ಮಾರ್ಗದರ್ಶಕರು ಫಿಲ್ ಮ್ಯಾಫೆಟೋನ್. ಮ್ಯಾಫೆಟೋನ್ ಹೇಳಿದ್ದು ಇಷ್ಟೇ: ಹೃದಯದ ಬಡಿತವನ್ನು ಅಳೆಯುವ ಉಪಕರಣವನ್ನು ಕಟ್ಟಿಕೊಂಡು ಓಡಬೇಕು, ಬಡಿತವು ನಿಮಿಷಕ್ಕೆ 155ನ್ನು ಮೀರಕೂಡದು. 180ರಿಂದ ವಯಸ್ಸನ್ನು ಕಳೆದು, ಆರೋಗ್ಯದ ಸ್ಥಿತಿಗೆ ತಕ್ಕಂತೆ ಹೆಚ್ಚುಕಡಿಮೆ ಮಾಡಿಕೊಳ್ಳುವುದು ಅವರ ಲೆಕ್ಕ.

ಕೇಳಲು ಸುಲಭವಾದ ಈ ನಿಯಮವನ್ನು ಪಾಲಿಸಹೋದಾಗ ಆಲನ್ ಅವರಿಗೆ ಆದದ್ದು ಅವಮಾನ. ಮೈಲಿಗೆ ಐದೂಕಾಲು ನಿಮಿಷದ ವೇಗದಲ್ಲಿ ಓಡಲು ನಿತ್ಯವೂ ಹೆಣಗುತ್ತಿದ್ದವರು, ಬಡಿತವನ್ನು 155ರೊಳಗೆ ಇಡಬೇಕಾದರೆ 8 ನಿಮಿಷ 15 ಸೆಕೆಂಡುಗಳ ವೇಗಕ್ಕೆ ಇಳಿಯಬೇಕಾಯಿತು. ಅಂದರೆ ಮೈಲಿಗೆ ಮೂರು ನಿಮಿಷ ನಿಧಾನ. ಏರುದಾರಿಯಲ್ಲಿ ನಡೆದೇ ಹೋಗಬೇಕಾದ ಸಂದರ್ಭವೂ ಬಂದಿತು. ಇಷ್ಟಾದರೂ ಅವರು ಕೈಬಿಡಲಿಲ್ಲ. ನಾಲ್ಕು ತಿಂಗಳು ಕಳೆಯುವಷ್ಟರಲ್ಲಿ ಅದೇ 155ರ ಬಡಿತದಲ್ಲಿ ಮೈಲಿಗೆ ಒಂದು ನಿಮಿಷಕ್ಕೂ ಹೆಚ್ಚು ಉಳಿತಾಯವಾಯಿತು. ಸುಮಾರು ಒಂದು ವರ್ಷದಲ್ಲಿ ಅದೇ ಬಡಿತದಲ್ಲಿ, ಏದುಸಿರಿಲ್ಲದೆ, ಮೈಲಿಗೆ 5 ನಿಮಿಷ 20 ಸೆಕೆಂಡುಗಳಂತೆ ಓಡಬಲ್ಲವರಾದರೆಂದು ಅವರೇ ಬರೆದಿದ್ದಾರೆ.

ಇದರ ಒಳಗುಟ್ಟು ಶರೀರಶಾಸ್ತ್ರದಲ್ಲಿದೆ. ಸ್ನಾಯುಗಳು ಶಕ್ತಿಯನ್ನು ಮುಖ್ಯವಾಗಿ ಎರಡು ಉಗ್ರಾಣಗಳಿಂದ ಪಡೆಯುತ್ತವೆ. ಒಂದು, ಯಕೃತ್ತಿನಲ್ಲಿಯೂ ಸ್ನಾಯುಗಳಲ್ಲಿಯೂ ಗ್ಲೈಕೋಜನ್ ರೂಪದಲ್ಲಿ ಶೇಖರವಾಗಿರುವ ಸಕ್ಕರೆ. ಅದು ಬೇಗ ದೊರೆಯುತ್ತದೆ, ಬೇಗ ಬರಿದಾಗುತ್ತದೆ. ಇನ್ನೊಂದು ಕೊಬ್ಬು, ಅತ್ಯಂತ ತೆಳ್ಳನೆಯ ಓಟಗಾರನ ಮೈಯಲ್ಲಿಯೂ ಅದು ದಿನಗಟ್ಟಲೆ ಸಾಲುವಷ್ಟಿದೆ, ಆದರೆ ಅದನ್ನು ಉರಿಸಲು ಆಮ್ಲಜನಕ ಧಾರಾಳವಾಗಿ ಬೇಕು. ವೇಗ ಮಿತಿಮೀರಿದಷ್ಟೂ ದೇಹವು ಸಕ್ಕರೆಯ ಕಡೆಗೇ ವಾಲುತ್ತದೆ. ನಿಧಾನವಾದ ದೀರ್ಘ ಸಾಧನೆಯಿಂದ ಸ್ನಾಯುಗಳಲ್ಲಿ ರಕ್ತದ ಸೂಕ್ಷ್ಮನಾಳಗಳು ಹೆಚ್ಚುತ್ತವೆ, ಜೀವಕೋಶಗಳೊಳಗೆ ಶಕ್ತಿಯನ್ನು ಉತ್ಪಾದಿಸುವ ಮೈಟೊಕಾಂಡ್ರಿಯಗಳು ಬೆಳೆಯುತ್ತವೆ, ಹೃದಯವು ಒಂದೊಂದು ಬಡಿತದಲ್ಲಿ ಹೆಚ್ಚು ರಕ್ತವನ್ನು ನೂಕಲು ಕಲಿಯುತ್ತದೆ. ಇವು ಯಾವುವೂ ಒಂದು ವಾರದಲ್ಲಿ ಆಗುವಂಥವಲ್ಲ. ವಾರ್ಷಿಕ ಕ್ರೀಡೋತ್ಸವಕ್ಕೆ ಹದಿನೈದು ದಿನ ಇರುವಾಗ ಮಕ್ಕಳನ್ನು ಮೈದಾನಕ್ಕೆ ಕರೆದು ಮೊದಲ ದಿನವೇ ಗಡಿಯಾರ ಹಿಡಿಯುವ ಶಾಲೆಗಳು ಈ ಮಾತನ್ನು ಸ್ವಲ್ಪ ಯೋಚಿಸಬೇಕು.

ಹಾಗೆಂದು 155 ಎಂಬ ಸಂಖ್ಯೆಯನ್ನು ಮಂತ್ರವೆಂದು ಭಾವಿಸುವುದೂ ತಪ್ಪು. ಒಂದೇ ವಯಸ್ಸಿನ ಇಬ್ಬರ ಹೃದಯಗಳು ಒಂದೇ ಬಗೆಯಾಗಿರುವುದಿಲ್ಲ. ಅಡಿಪಾಯ ಬಿದ್ದ ಮೇಲೆ ಆಲನ್ ಅವರೂ ವೇಗದ ಅಭ್ಯಾಸವನ್ನು ಕೂಡಿಸಿಕೊಳ್ಳುತ್ತಿದ್ದರು. ಸೂತ್ರಕ್ಕಿಂತ ಮುಖ್ಯವಾದುದು ಅದರ ಹಿಂದಿನ ತತ್ತ್ವ. ಆ ತತ್ತ್ವವಾದರೋ ಟ್ರಯಥ್ಲಾನ್‌ಗಿಂತ ಹಳೆಯದು. ಅದನ್ನು ಕಂಡುಕೊಂಡವರಲ್ಲಿ ಪ್ರಮುಖರು ನ್ಯೂಜಿಲೆಂಡಿನ ಒಬ್ಬ ಪಾದರಕ್ಷೆಯ ಕೆಲಸಗಾರರು.

ಆರ್ಥರ್ ಲಿಡಿಯಾರ್ಡ್ 1917ರಲ್ಲಿ ಹುಟ್ಟಿದವರು, ಆಕ್ಲೆಂಡಿನ ಪಾದರಕ್ಷೆ ಕಾರ್ಖಾನೆಯಲ್ಲಿ ದುಡಿಯುತ್ತಿದ್ದವರು. ತಕ್ಕಮಟ್ಟಿಗೆ ಗಟ್ಟಿಮುಟ್ಟಾಗಿದ್ದೇನೆಂದು ನಂಬಿದ್ದ ಅವರು, ತಮಗಿಂತ ಹಿರಿಯರಾದ ಓಟಗಾರರೊಬ್ಬರ ಜೊತೆ ಐದಾರು ಮೈಲಿ ಓಡಿ ಬಸವಳಿದರು. ಈಗಲೇ ಹೀಗಾದರೆ ಇನ್ನು ಇಪ್ಪತ್ತು ವರ್ಷಕ್ಕೆ ಗತಿಯೇನು ಎಂಬ ಚಿಂತೆ ಹುಟ್ಟಿತು. ಅವರ ಬಳಿ ಪ್ರಯೋಗಶಾಲೆ ಇರಲಿಲ್ಲ, ವಿಶ್ವವಿದ್ಯಾನಿಲಯದ ಪದವಿ ಇರಲಿಲ್ಲ. ಇದ್ದದ್ದು ತಮ್ಮದೇ ದೇಹ. ವಾರಕ್ಕೆ ಇಷ್ಟು ಮೈಲಿ, ಅದಕ್ಕಿಂತ ಹೆಚ್ಚು, ಇನ್ನೂ ಹೆಚ್ಚು ಎಂದು ಓಡಿ, ಅತಿಯಾದದ್ದನ್ನೂ ಸಾಲದಾದದ್ದನ್ನೂ ತಮ್ಮ ಮೈಮೇಲೆಯೇ ಪರೀಕ್ಷಿಸಿ, ಹಲವು ವರ್ಷಗಳ ಬಳಿಕ ವಾರಕ್ಕೆ ಸುಮಾರು ನೂರು ಮೈಲಿಗಳ ಸಮವೇಗದ ಓಟವೇ ಸರಿಯಾದ ಅಡಿಪಾಯ ಎಂಬ ನಿರ್ಣಯಕ್ಕೆ ಬಂದರು. 1953 ಮತ್ತು 1955ರಲ್ಲಿ ದೇಶದ ಮ್ಯಾರಥಾನ್ ಪ್ರಶಸ್ತಿಯೂ ಅವರದಾಯಿತು. ಶಿಷ್ಯರಿಗೆ ಹೇಳುವ ಮೊದಲು ತಾವೇ ಮಾಡಿನೋಡಿದ ಗುರು ಎಂಬುದೇ ಅವರ ಹಿರಿಮೆ.

ನೆರೆಹೊರೆಯ ಹುಡುಗರು ಅವರ ಹಿಂದೆ ಓಡತೊಡಗಿದರು. ಅವರಲ್ಲಿ ಮರೆ ಹ್ಯಾಲ್‌ಬರ್ಗ್ ಹದಿಹರೆಯದಲ್ಲಿ ರಗ್ಬಿ ಆಟದಲ್ಲಿ ಪೆಟ್ಟುಬಿದ್ದು ಎಡಗೈಯ ಶಕ್ತಿಯನ್ನು ಕಳೆದುಕೊಂಡವರು. ಪೀಟರ್ ಸ್ನೆಲ್ 800 ಮೀಟರಿನ ಓಟಗಾರ. ಎರಡು ನಿಮಿಷದೊಳಗೆ ಮುಗಿಯುವ ಓಟಕ್ಕೆ ಸಿದ್ಧವಾಗುವ ಈ ತರುಣನನ್ನೂ ಲಿಡಿಯಾರ್ಡ್ ಅವರು ವೈಟಕೆರೆ ಬೆಟ್ಟಸಾಲಿನ 22 ಮೈಲಿಗಳ ಏರಿಳಿತದ ದಾರಿಯಲ್ಲಿ ಓಡಿಸಿದರು. ತಿಳಿದವರೆನಿಸಿಕೊಂಡವರಿಗೆ ಇದು ಹುಚ್ಚಾಗಿ ಕಂಡಿತು. 1960ರ ಸೆಪ್ಟೆಂಬರ್ 2ರಂದು, ರೋಮ್ ಒಲಿಂಪಿಕ್ಸ್‌ನಲ್ಲಿ, ಸ್ನೆಲ್ ಅವರು ವಿಶ್ವದಾಖಲೆಯ ಒಡೆಯರಾಗಿದ್ದ ಬೆಲ್ಜಿಯಮ್ಮಿನ ರೋಜರ್ ಮೂನ್ಸ್ ಅವರನ್ನು ಕೊನೆಯ ಕ್ಷಣದಲ್ಲಿ ಹಿಂದಿಕ್ಕಿ 800 ಮೀಟರಿನ ಚಿನ್ನವನ್ನು ಗೆದ್ದರು. ಒಂದು ಗಂಟೆಯೊಳಗೆ ಅದೇ ಮೈದಾನದಲ್ಲಿ ಹ್ಯಾಲ್‌ಬರ್ಗ್ ಅವರು 5000 ಮೀಟರಿನಲ್ಲಿ, ಇನ್ನೂ ಮೂರು ಸುತ್ತುಗಳಿರುವಾಗಲೇ ಮುನ್ನುಗ್ಗಿ, ಹಿಂದಿನವರು ಸಮೀಪಿಸುವಷ್ಟರಲ್ಲಿ ಗೆರೆಯನ್ನು ದಾಟಿ, ಗುರಿಯ ಪಟ್ಟಿಯನ್ನು ಕೈಯಲ್ಲಿ ಹಿಡಿದುಕೊಂಡೇ ಹುಲ್ಲಿನ ಮೇಲೆ ಒರಗಿದರು. ಅದೇ ಕೂಟದ ಮ್ಯಾರಥಾನಿನಲ್ಲಿ ಬ್ಯಾರಿ ಮಗೀ ಅವರಿಗೆ ಕಂಚು. ಮೂವರೂ ಒಬ್ಬನೇ ಗುರುವಿನ ಶಿಷ್ಯರು. ಹ್ಯಾಲ್‌ಬರ್ಗ್ ಅವರು ಮುಂದೆ 1963ರಲ್ಲಿ ಅಂಗವಿಕಲ ಮಕ್ಕಳಿಗಾಗಿ ಒಂದು ದತ್ತಿಸಂಸ್ಥೆಯನ್ನು ಸ್ಥಾಪಿಸಿದರು. ಸ್ನೆಲ್ ಅವರು 1964ರ ಟೋಕಿಯೋದಲ್ಲಿ ಇನ್ನೆರಡು ಚಿನ್ನಗಳನ್ನು ಗೆದ್ದು, ನಡುವಯಸ್ಸಿನಲ್ಲಿ ಮತ್ತೆ ವಿದ್ಯಾರ್ಥಿಯಾಗಿ ಡಾಕ್ಟರೇಟ್ ಪಡೆದು, ಅಮೆರಿಕದ ಡಲ್ಲಾಸಿನಲ್ಲಿ ವ್ಯಾಯಾಮ ಶರೀರವಿಜ್ಞಾನದ ಸಂಶೋಧಕರಾದರು. ದೀರ್ಘ ಓಟದಲ್ಲಿ ನಿಧಾನ ಸ್ವಭಾವದ ಸ್ನಾಯುತಂತುಗಳು ದಣಿದಾಗ ವೇಗದ ತಂತುಗಳೂ ಕೆಲಸಕ್ಕೆ ಇಳಿದು ಪಳಗುತ್ತವೆ ಎಂದು, ಗುರುವು ಅನುಭವದಿಂದ ಕಂಡದ್ದಕ್ಕೆ ಶಿಷ್ಯನು ಶಾಸ್ತ್ರದ ಕಾರಣವನ್ನು ಕೊಟ್ಟರು. ಇಂಥ ಗುರುದಕ್ಷಿಣೆ ಎಷ್ಟು ಮಂದಿ ಶಿಕ್ಷಕರಿಗೆ ದೊರೆತೀತು!

ಲಿಡಿಯಾರ್ಡ್ ಅವರ ವಿದ್ಯೆ ಪದಕಗಳಲ್ಲಿ ಮುಗಿಯಲಿಲ್ಲ. ಹೃದ್ರೋಗದಿಂದ ಚೇತರಿಸಿಕೊಳ್ಳುತ್ತಿದ್ದ ನಡುವಯಸ್ಸಿನವರನ್ನು ಅವರು ಮಾತನಾಡುತ್ತ ಓಡಬಹುದಾದಷ್ಟೇ ವೇಗದಲ್ಲಿ ಓಡಿಸತೊಡಗಿದರು. ರೋಗಿಗಳನ್ನು ಹಾಸಿಗೆಯಲ್ಲಿ ಮಲಗಿಸಿಡುವುದೇ ಚಿಕಿತ್ಸೆಯೆಂದು ತಿಳಿದಿದ್ದ ಕಾಲವದು. 1962ರ ಕೊನೆಯಲ್ಲಿ ಅಮೆರಿಕದ ಆರೆಗಾನ್ ವಿಶ್ವವಿದ್ಯಾನಿಲಯದ ತರಬೇತುದಾರ ಬಿಲ್ ಬವರ್‌ಮನ್ ಅಲ್ಲಿಗೆ ಬಂದು ಈ ಗುಂಪಿನೊಡನೆ ಓಡಲು ಹೊರಟಾಗ, ಹೃದಯಾಘಾತಗಳನ್ನು ಕಂಡು ಎಪ್ಪತ್ತು ದಾಟಿದ್ದ ವೃದ್ಧರೊಬ್ಬರು ಅವರನ್ನು ಹಿಂದೆ ಬಿಟ್ಟು, ಆಮೇಲೆ ಕನಿಕರದಿಂದ ಜೊತೆಗೂಡಿದರಂತೆ. ನಾಚಿದ ಬವರ್‌ಮನ್ ಊರಿಗೆ ಮರಳಿ ತಮ್ಮ ಜನರಿಗೆ ಜಾಗಿಂಗ್ ಕಲಿಸಿದರು. ಅಮೆರಿಕದ ಸಾಮಾನ್ಯ ಗೃಹಸ್ಥರು ಬೀದಿಗಿಳಿದು ಓಡತೊಡಗಿದ್ದರ ಮೂಲಗಳಲ್ಲಿ ಇದೂ ಒಂದು. ಹೀಗೆ ಓಡತೊಡಗಿದವರ ಸಾಲಿನಲ್ಲಿಯೇ ಕ್ಯಾಥೊಲಿಕ್ ಸನ್ಯಾಸಿನಿ ಸಿಸ್ಟರ್ ಮಡೋನಾ ಬ್ಯೂಡರ್ ಅವರನ್ನೂ ನೆನೆಯಬೇಕು. 1930ರಲ್ಲಿ ಜನಿಸಿದ ಅವರು ಪಾದ್ರಿಯೊಬ್ಬರ ಸಲಹೆಯಂತೆ 48ನೆಯ ವಯಸ್ಸಿನಲ್ಲಿ ಓಡಲು ಆರಂಭಿಸಿ, 55ರಲ್ಲಿ ಮೊದಲ ಐರನ್ ಮ್ಯಾನ್ ಸ್ಪರ್ಧೆಯನ್ನು ಮುಗಿಸಿದರು. 2012ರಲ್ಲಿ ಕೆನಡಾದಲ್ಲಿ 82ರ ವಯಸ್ಸಿನಲ್ಲಿ ಹದಿನೇಳು ಗಂಟೆಗಳ ಗಡುವಿನೊಳಗೆ ಗುರಿಯನ್ನು ಸೇರಿದರು. ಅವರಿಗೆಂದೇ ವ್ಯವಸ್ಥಾಪಕರು ಹೊಸ ವಯೋವರ್ಗಗಳನ್ನು ತೆರೆಯಬೇಕಾಯಿತು.

ಮತ್ತೆ ಹವಾಯಿಗೆ ಬಂದರೆ, ನಿಧಾನದ ಸಾಧನೆ ಆಲನ್ ಅವರಿಗೆ ತತ್‌ಕ್ಷಣ ಕಿರೀಟವನ್ನು ತೊಡಿಸಲಿಲ್ಲ ಎಂಬುದನ್ನು ಮುಚ್ಚಿಡುವಂತಿಲ್ಲ. ಬೇರೆಡೆ ಅವರು ಗೆಲ್ಲುತ್ತಿದ್ದರು. ಆ ಒಂದು ದ್ವೀಪದಲ್ಲಿ ಮಾತ್ರ ಸೋಲುತ್ತಿದ್ದರು. 1982ರ ಅಕ್ಟೋಬರಿನಲ್ಲಿ ಸೈಕಲ್ ಕೆಟ್ಟಿತು. 1984ರಲ್ಲಿ ಸೈಕಲ್ಲಿನಿಂದ ಇಳಿದಾಗ ಅವರು ಹತ್ತು ನಿಮಿಷಗಳಿಗೂ ಹೆಚ್ಚು ಮುಂದಿದ್ದರು. ಲಾವಾ ಬಂಡೆಗಳ ನಡುವಣ ಉರಿಬಿಸಿಲಿನಲ್ಲಿ ಓಟ ನಡಿಗೆಯಾಯಿತು, ಡೇವ್ ಸ್ಕಾಟ್ ದಾಟಿ ಹೋದರು. 1987ರಲ್ಲಿ ಮತ್ತೆ ಮುಂದಿದ್ದು, ಮತ್ತೆ ಸ್ಕಾಟ್ ಅವರಿಗೆ ಸೋತು, ಒಳಗಿನ ರಕ್ತಸ್ರಾವದಿಂದ ಆಸ್ಪತ್ರೆ ಸೇರಿದರು. ಒಟ್ಟು ಆರು ಪ್ರಯತ್ನಗಳು, ಆರೂ ವಿಫಲ. ಅಷ್ಟರಲ್ಲಿ ಸ್ಕಾಟ್ ಆರು ಬಾರಿ ಗೆದ್ದಿದ್ದರು.

1989ರ ಅಕ್ಟೋಬರ್ 14ರಂದು ಆಲನ್ ಒಂದು ನಿಶ್ಚಯ ಮಾಡಿಕೊಂಡು ನೀರಿಗಿಳಿದರು: ಮುಂದೆ ಹೋಗುವುದಿಲ್ಲ, ಸ್ಕಾಟ್ ಅವರ ಬಳಿಯಲ್ಲಿಯೇ ಇರುವುದು. ಈಜಿನಲ್ಲಿ ಜೊತೆ, ಸೈಕಲ್ಲಿನಲ್ಲಿ ಜೊತೆ, ಓಟದಲ್ಲಿ ಭುಜಕ್ಕೆ ಭುಜ. ಹೀಗೆ ಎಂಟು ಗಂಟೆ ಒಬ್ಬರೊಡನೊಬ್ಬರು ಮಾತಿಲ್ಲದೆ ಸಾಗಿದರು. ಮುಗಿಯಲು ಎರಡು ಮೈಲಿಯಷ್ಟೇ ಇರುವಾಗ, ಕೊನೆಯ ಏರಿನಲ್ಲಿ, ಆಲನ್ ಮೊದಲ ಬಾರಿಗೆ ವೇಗವನ್ನು ಹೆಚ್ಚಿಸಿದರು. ಆಲನ್ 8 ಗಂಟೆ 9 ನಿಮಿಷ 15 ಸೆಕೆಂಡು. ಸ್ಕಾಟ್ 58 ಸೆಕೆಂಡು ಹಿಂದೆ. ಮೂರನೆಯವರು ಬರಲು ಇಪ್ಪತ್ತು ನಿಮಿಷಗಳಿಗೂ ಹೆಚ್ಚು ಹಿಡಿಯಿತು. ಸೋತ ಸ್ಕಾಟ್ ಅವರೂ ತಮ್ಮದೇ ಹಳೆಯ ದಾಖಲೆಯನ್ನು ಹದಿನೆಂಟು ನಿಮಿಷಗಳಷ್ಟು ಉತ್ತಮಪಡಿಸಿದ್ದರು.

ಮುಂದಿನ ನಾಲ್ಕು ವರ್ಷಗಳೂ ಆಲನ್ ಅವರದೇ. ಒಂದು ವರ್ಷ ಬಿಟ್ಟು, 1995ರಲ್ಲಿ, 37ನೆಯ ವಯಸ್ಸಿನಲ್ಲಿ, ಅವರು ಕೊನೆಯ ಬಾರಿಗೆ ಅಲ್ಲಿಗೆ ಬಂದರು. ಜರ್ಮನಿಯ 24 ವರ್ಷದ ಥಾಮಸ್ ಹೆಲ್‌ರೀಗಲ್ ಸೈಕಲ್ಲಿನಲ್ಲಿ ಎಲ್ಲರನ್ನೂ ಹಿಂದಿಕ್ಕಿ ಓಟಕ್ಕೆ ಇಳಿದಿದ್ದರು. ಆಲನ್ ಇಳಿದಾಗ ಅಂತರ ಹದಿಮೂರು ನಿಮಿಷ ದಾಟಿತ್ತು. ಅಂದು 1984ರಲ್ಲಿ ತಾವು ಮುಂದಿದ್ದುದಕ್ಕಿಂತಲೂ ದೊಡ್ಡ ಅಂತರವದು. ಆಲನ್ ಆತುರಪಡಲಿಲ್ಲ. ಒಂದೊಂದು ಮೈಲಿಗೆ ಅರ್ಧ ನಿಮಿಷಕ್ಕಿಂತ ತುಸು ಹೆಚ್ಚಿನಂತೆ ಆ ಅಂತರವನ್ನು ಕರಗಿಸುತ್ತ ಬಂದು, ಕೊನೆಯ ಕೆಲವೇ ಮೈಲಿಗಳಿರುವಾಗ ಆ ತರುಣನನ್ನು ದಾಟಿ, ಎರಡು ನಿಮಿಷಗಳಿಗೂ ಹೆಚ್ಚಿನ ಅಂತರದಿಂದ ಆರನೆಯ ಬಾರಿ ಗೆದ್ದರು. ಆ ಸ್ಪರ್ಧೆಗೆ ಅವರು ಮತ್ತೆ ಇಳಿಯಲಿಲ್ಲ. ಬೇರೆಯವರಿಗೆ ತರಬೇತಿ ಕೊಡತೊಡಗಿದರು.