ಚಿಲ್ಕಾ ಸರೋವರವೂ ಅದರ ಕಾವಲುಗಾರರೂ

ಹೊಳೆಯು ಕಡಲನ್ನು ಸೇರುವ ಬಾಯಿಗೆ ನಮ್ಮ ಕರಾವಳಿಯವರು ಅಳಿವೆಯೆನ್ನುವರು. ಮರಳು ಕೂಡಿ ಅಳಿವೆಯು ಕಿರಿದಾಗುವ ಬಗೆಯನ್ನು ಈ ಶಾಲೆಯಲ್ಲಿ ಕಲಿತವರಲ್ಲಿ ಅನೇಕರು ಕಣ್ಣಾರೆ ಕಂಡಿರಬಹುದು. ಒಡಿಸ್ಸಾದ ಚಿಲ್ಕಾ ಸರೋವರಕ್ಕೆ ಒದಗಿದ ವಿಪತ್ತೂ ಇದೇ.

ಮರಳಿನ ದಿಣ್ಣೆಯೊಂದೇ ಸಮುದ್ರದಿಂದ ಬೇರ್ಪಡಿಸುವ, ಸಿಹಿನೀರೂ ಉಪ್ಪುನೀರೂ ಬೆರೆತಿರುವ ಇಂತಹ ಜಲಾಶಯಕ್ಕೆ ಲಗೂನ್ ಎಂದು ಹೆಸರು. ಭಾರತದಲ್ಲಿ ಇವುಗಳಲ್ಲೆಲ್ಲ ದೊಡ್ಡದು ಚಿಲ್ಕಾ. ಬೇಸಗೆಯಲ್ಲಿ ಅದರ ವಿಸ್ತಾರವು ಸುಮಾರು 900 ಚದರ ಕಿಲೋಮೀಟರ್, ಮಳೆಗಾಲದಲ್ಲಿ 1100ಕ್ಕೂ ಮಿಗಿಲು. ಒಂದು ಕಡೆಯಿಂದ ಮಹಾನದಿಯ ಕವಲುಗಳು ಹೂಳನ್ನು ತಂದವು. ಇನ್ನೊಂದು ಕಡೆಯಿಂದ ಬಂಗಾಳ ಕೊಲ್ಲಿಯ ಅಲೆಗಳು ಮರಳನ್ನು ತಳ್ಳಿದವು. ಅಳಿವೆಯು ಕಟ್ಟುತ್ತ ಬರಲು ನೀರು ಸಪ್ಪೆಯಾಯಿತು, ಕಳೆ ಹಬ್ಬಿತು, ಮೀನು ತಗ್ಗಿತು. ಸಾಲದ್ದಕ್ಕೆ, ಸಿಗಡಿಗೆ ಬೆಲೆಯೇರಿದ ಮೇಲೆ ನೀರಿನೊಳಗೇ ಬಲೆಯ ಬೇಲಿಗಳೆದ್ದವು. 1993ರಲ್ಲಿ ಚಿಲ್ಕಾದ ಹೆಸರು ಅಪಾಯಕ್ಕೊಳಗಾದ ಜೌಗುಭೂಮಿಗಳ ಅಂತರರಾಷ್ಟ್ರೀಯ ಪಟ್ಟಿಗೆ ಸೇರಿತು. 2000ನೆಯ ಸಪ್ಟೆಂಬರದಲ್ಲಿ ಹೊಸ ಅಳಿವೆಯೊಂದನ್ನು ತೋಡಲಾಗಿ ಉಪ್ಪುನೀರು ಒಳನುಗ್ಗಿತು. ಮೀನಿನ ಹುಟ್ಟುವಳಿ ಅನೇಕ ಮಡಿ ಹೆಚ್ಚಿತು. 2002ರಲ್ಲಿ ಆ ಪಟ್ಟಿಯಿಂದ ಹೆಸರು ತೆಗೆಯಲ್ಪಟ್ಟಿತು.

ಆದರೆ ಅಳಿವೆ ತೆರೆದ ಮಾತ್ರಕ್ಕೆ ಹಕ್ಕಿಗಳು ಬದುಕುವವೇ? ಉತ್ತರದ ದಡದಲ್ಲಿ ಮಂಗಲಜೋಡಿಯೆಂಬ ಹಳ್ಳಿಯುಂಟು. ಚಳಿಗಾಲದಲ್ಲಿ ದೂರದೇಶಗಳಿಂದ ಬಂದಿಳಿಯುವ ಬಾತು, ಗೊರವ ಮುಂತಾದವುಗಳನ್ನು ಕೊಂದು ಮಾಂಸವನ್ನು ಮಾರುವುದು ಅಲ್ಲಿಯ ಅನೇಕರಿಗೆ ಜೀವನೋಪಾಯವಾಗಿತ್ತು. ಬಡವನನ್ನು ಬೈದರೆ ಅವನ ಒಲೆ ಹೊತ್ತಿಕೊಳ್ಳುವುದೇ? ವೈಲ್ಡ್ ಒರಿಸ್ಸಾ ಎಂಬ ಸಂಸ್ಥೆಯವರು ಇವರೊಡನೆ ಬಹಳ ಕಾಲ ಮಾತಾಡಿ ಮನವೊಲಿಸಿದರು. 2000ದಲ್ಲಿ ಬೇಟೆಗಾರರೇ ಸೇರಿ ಪಕ್ಷಿರಕ್ಷಣೆಯ ಸಮಿತಿಯನ್ನು ಕಟ್ಟಿದರು. ಮುಂದೆ ಇದರಿಂದಲೇ ಒಂದು ಉದ್ಯಮ ಬೆಳೆಯಿತು. ಹಕ್ಕಿಯ ಗೂಡೆಲ್ಲಿ, ಮೇವೆಲ್ಲಿ, ಯಾವ ಕೂಗು ಯಾವುದರದೆಂದು ಬೇಟೆಗಾರನಷ್ಟು ಬಲ್ಲವರಾರು? ಆ ತಿಳಿವಳಿಕೆಯನ್ನೇ ಬಂಡವಾಳ ಮಾಡಿಕೊಂಡು ಅವರು ಪ್ರವಾಸಿಗಳಿಗೆ ಮಾರ್ಗದರ್ಶಕರಾದರು, ದೋಣಿ ನಡೆಸಿದರು. ಸತ್ತ ಹಕ್ಕಿಯನ್ನು ಒಮ್ಮೆ ಮಾತ್ರ ಮಾರಬಹುದು. ಬದುಕಿರುವ ಹಕ್ಕಿಯನ್ನು ದಿನಂಪ್ರತಿ ತೋರಿಸಬಹುದೆಂಬ ಲೆಕ್ಕವು ಯಾವ ಗೃಹಿಣಿಗಾದರೂ ತಿಳಿಯತಕ್ಕದ್ದೇ.

ಉದ್ಯಮವೆಲ್ಲವೂ ಸರೋವರಕ್ಕೆ ಹಿತವೆಂದು ಮಾತ್ರ ಹೇಳಲಾಗದು. ಅಳಿವೆಯ ಕಡೆಯ ಸಾತಪಡದಲ್ಲಿ ಇರಾವತಿ ಡಾಲ್ಫಿನ್ನುಗಳನ್ನು ತೋರಿಸಲು ಯಂತ್ರದ ದೋಣಿಗಳು ಹೊರಡುತ್ತವೆ. ಅವು ಗುಂಪುಗೂಡಿ ಬೆನ್ನಟ್ಟಿದರೆ ಆ ಸಾಧುಪ್ರಾಣಿಗಳು ಬೆದರುತ್ತವೆ, ಯಂತ್ರದ ಅಲಗು ತಗಲಿ ಗಾಯಗೊಳ್ಳುವುದೂ ಉಂಟು. ಮಂಗಲಜೋಡಿಯ ಜೊಂಡಿನ ನಡುವೆಯಾದರೋ ದೋಣಿಯನ್ನು ಕೋಲಿನಿಂದಲೇ ನೂಕುವರು. ಚಳಿ ಕಳೆದು ಹಕ್ಕಿಗಳು ಹಾರಿಹೋದ ಬಳಿಕ ಅಲ್ಲಿಗೆ ಬರುವ ಪ್ರವಾಸಿಗಳು ವಿರಳ. ಮನೆ ನಡೆಯಬೇಕಾದರೆ ಆಗ ಮತ್ತೆ ಮೀನನ್ನೇ ನೆಚ್ಚಬೇಕು.