ಮೂರಡಿ ಜಾಗಕ್ಕೆ ಗಿಡ್ಡ ಕೆಂಪು ಗುಲಾಬಿ

ದಸರಾ ಸಮಯದಲ್ಲಿ ಮೈಸೂರಿನ ಕುಪ್ಪಣ್ಣ ಉದ್ಯಾನದ ಫಲಪುಷ್ಪ ಪ್ರದರ್ಶನ ನೋಡಿ ಬಂದವರು ಮನೆಗೆ ಹೋಗುವಾಗ ಒಂದೆರಡು ಗುಲಾಬಿ ಗಿಡ ಕೊಳ್ಳುವುದುಂಟು. ಗಿಡದಲ್ಲಿ ಮುಷ್ಟಿ ಗಾತ್ರದ ಒಂದು ಕೆಂಪು ಹೂವಿರುತ್ತದೆ. ಕುವೆಂಪುನಗರದಲ್ಲೋ ವಿಜಯನಗರದಲ್ಲೋ 30×40 ಅಡಿ ನಿವೇಶನದಲ್ಲಿ ಮನೆ ಕಟ್ಟಿ, ಕಾಂಪೌಂಡಿಗೂ ಗೋಡೆಗೂ ನಡುವೆ ಉಳಿದ ಮೂರಡಿ ಪಟ್ಟಿಯಲ್ಲಿ ಅದನ್ನು ನೆಡುತ್ತಾರೆ. ಮರುವರ್ಷದ ಮಳೆಗಾಲಕ್ಕೆ ಎರಡರಲ್ಲೊಂದು ಗತಿ. ಗಿಡ ತುದಿಯಿಂದ ಒಣಗುತ್ತ ಬಂದು ಸಾಯುತ್ತದೆ. ಇಲ್ಲವೆ ನೀಳವಾದ ಕೊಂಬೆಗಳು ಗೋಡೆಯ ಮೇಲೆ ಹಬ್ಬಿ, ಹೂವಿನ ಸುಳಿವೇ ಇರುವುದಿಲ್ಲ. ‘ನಮ್ಮ ಮಣ್ಣಿಗೆ ಗುಲಾಬಿ ಹಿಡಿಸುವುದಿಲ್ಲ’ ಎಂದು ಮನೆಯವರು ತೀರ್ಮಾನಿಸುತ್ತಾರೆ. ಮೈಸೂರಿನ ಕೆಂಪು ಗೋಡು ಮಣ್ಣು ಗುಲಾಬಿಗೆ ಒಳ್ಳೆಯ ಮಣ್ಣೇ. ತಪ್ಪು ನಡೆದಿರುವುದು ಗಿಡವನ್ನು ಆರಿಸುವಲ್ಲಿ.

ಪ್ರದರ್ಶನದ ದೊಡ್ಡ ಹೂವಿನ ಗುಲಾಬಿಗಳು ಹೈಬ್ರಿಡ್ ಟೀ ವರ್ಗದವು. 1935ರ ಕ್ರಿಮ್ಸನ್ ಗ್ಲೋರಿ, 1955ರ ಗ್ಲಾಡಿಯೇಟರ್ ಈ ವರ್ಗದ ಹೆಸರಾಂತ ತಳಿಗಳು. ಉದ್ದ ತೊಟ್ಟಿನ ಮೇಲೆ ಒಂದೇ ಹೂ ಬರಬೇಕೆಂಬ ಗುರಿಯಿಂದ ಇವುಗಳನ್ನು ಬೆಳೆಸಲಾಗಿದೆ. ಗೊಬ್ಬರ, ಚಾಟನಿ, ಸಿಂಪರಣೆ ಯಾವುದರಲ್ಲಿ ತಪ್ಪಿದರೂ ಇವು ಸಹಿಸುವುದಿಲ್ಲ. ಮಾರುಕಟ್ಟೆಗೆ ಹೂ ಕಳಿಸುವ ಬೆಳೆಗಾರನಿಗೆ ಆ ಖರ್ಚು ಹುಟ್ಟುತ್ತದೆ. ದಿನಕ್ಕೆ ದೇವರ ಪೂಜೆಗೆ ನಾಲ್ಕು ಹೂ, ಹೆಣ್ಣುಮಕ್ಕಳ ಮುಡಿಗೆ ಒಂದೆರಡು ಬೇಕೆನ್ನುವ ಮನೆಗೆ ಅದು ಬೇಡದ ಹೊರೆ. ಅಡುಗೆಮನೆಯ ಕಿಟಕಿಯ ಪಕ್ಕದಲ್ಲೇ, ಮಕ್ಕಳು ಆಡುವ ಜಾಗದಲ್ಲೇ ವಾರ ವಾರ ಔಷಧಿ ಹೊಡೆಯುವುದು ಕ್ಷೇಮವೂ ಅಲ್ಲ.

ಕೆಂಪು ಬಂದ ದಾರಿ

ಯೂರೋಪಿನ ಹಳೆಯ ಗುಲಾಬಿಗಳಲ್ಲಿ ನಸುಗೆಂಪು, ನೇರಳೆ ಛಾಯೆಗಳಿದ್ದವೇ ಹೊರತು ಮಾಸದ ಕಡುಗೆಂಪು ಇರಲಿಲ್ಲ. ಬಹುತೇಕ ಗಿಡಗಳು ವರ್ಷಕ್ಕೆ ಒಂದೇ ಸಲ ಹೂ ಬಿಡುತ್ತಿದ್ದವು. 1790ರ ದಶಕದಲ್ಲಿ ಚೀನಾದ ತೋಟಗಳಿಂದ ಇಂಗ್ಲೆಂಡಿಗೆ ತಲಪಿದ ‘ಸ್ಲೇಟರ್ಸ್ ಕ್ರಿಮ್ಸನ್ ಚೈನಾ’ ಎಂಬ ಗಿಡ್ಡ ಗುಲಾಬಿ ಕಡುಗೆಂಪನ್ನೂ, ಮತ್ತೆ ಮತ್ತೆ ಹೂ ಬಿಡುವ ಗುಣವನ್ನೂ ಒಟ್ಟಿಗೆ ತಂದಿತು. ಅಂದರೆ ಕೆಂಪು ಗುಲಾಬಿಯ ಮೂಲದಲ್ಲಿರುವುದು ಬೆಚ್ಚನೆಯ ನಾಡಿನ ಕುಳ್ಳ ಗಿಡ. ಚೈನಾ ಗುಲಾಬಿ, ಅದರ ಸಂಬಂಧದ ಪಾಲಿಯಾಂಥಾ ಹಾಗೂ ಮಿನಿಯೇಚರ್ ವರ್ಗಗಳು ನಮ್ಮ ಹವೆಗೆ ಸುಲಭವಾಗಿ ಒಗ್ಗುವುದಕ್ಕೆ ಇದೇ ಕಾರಣ.

ನರ್ಸರಿಗಳಲ್ಲಿ ಇವುಗಳ ಸರಿಯಾದ ಹೆಸರು ಸಿಗುವುದು ಅಪರೂಪ. ‘ಬಟನ್ ರೋಸ್’ ಎಂಬ ಒಂದೇ ಮಾತಿನಲ್ಲಿ ಹಲವು ತಳಿಗಳನ್ನು ಮಾರುತ್ತಾರೆ. ಆದ್ದರಿಂದ ಹೆಸರನ್ನು ನಂಬುವ ಬದಲು ಗಿಡವನ್ನು ನೋಡಬೇಕು. ಎರಡಡಿಗಿಂತ ಎತ್ತರ ಹೋಗದ, ಬುಡದಿಂದಲೇ ನಾಲ್ಕೈದು ಕೊಂಬೆ ಒಡೆದಿರುವ, ಗೊಂಚಲಾಗಿ ಹೂ ಬಿಡುವ ಗಿಡವಾಗಿರಲಿ. ಕೆಳಗಿನ ಎಲೆಗಳು ಉದುರದೆ ಉಳಿದಿದ್ದರೆ ರೋಗ ತಡೆಯುವ ಶಕ್ತಿ ಇದೆಯೆಂದು ತಿಳಿಯಬಹುದು. ಹೂವಿನ ಗಾತ್ರ ನೋಡಿ ಮರುಳಾಗುವವರು ಈ ಕೆಳಗಿನ ಎಲೆಗಳ ಕಡೆ ನೋಡುವುದೇ ಇಲ್ಲ.

ಕಸಿಯೋ, ಸ್ವಂತ ಬೇರೋ?

ಮಾರಾಟದ ಗಿಡಗಳಲ್ಲಿ ಹೆಚ್ಚಿನವು ಕಣ್ಣು ಕಸಿಯವು. ಕೆಳಗಿನ ಬೇರುಗಿಡ ಕಾಡು ಸ್ವಭಾವದ ಮಲ್ಟಿಫ್ಲೋರಾ ಮುಂತಾದ ಜಾತಿ. ಮೇಲಿನದು ನಮಗೆ ಬೇಕಾದ ತಳಿ. ಕಸಿಯ ಗಂಟಿನ ಕೆಳಗಿನಿಂದ ಹೊರಡುವ ಚಿಗುರು ಬಲವಾಗಿ ಬೆಳೆದು, ಮೇಲಿನ ಕೊಂಬೆಗಳನ್ನು ಉಪವಾಸ ಕೆಡವುತ್ತದೆ. ಗೋಡೆ ಹತ್ತಿದ ಹೂವಿಲ್ಲದ ಗಿಡದ ಗುಟ್ಟು ಇಷ್ಟೆ. ಏಳು ಎಲೆಗಳ ಚಿಗುರೆಲ್ಲ ಕಾಡು ಚಿಗುರು ಎಂಬ ನಂಬಿಕೆ ಸರಿಯಲ್ಲ. ಒಳ್ಳೆಯ ಗಿಡ್ಡ ತಳಿಗಳಲ್ಲೂ ಏಳು ಎಲೆ ಬರುತ್ತವೆ. ಮಣ್ಣು ಸರಿಸಿ, ಚಿಗುರು ಹೊರಟಿರುವ ಜಾಗ ಗಂಟಿನ ಮೇಲೋ ಕೆಳಗೋ ಎಂದು ನೋಡುವುದೇ ಸರಿಯಾದ ಪರೀಕ್ಷೆ. ಕೆಳಗಿನದಾದರೆ ಬುಡಸಮೇತ ಕಿತ್ತು ತೆಗೆಯಬೇಕು. ಕತ್ತರಿಯಿಂದ ಮೊಟಕು ಮಾಡಿದರೆ ಒಂದಿದ್ದದ್ದು ಮೂರಾಗುತ್ತದೆ.

ಗಿಡ್ಡ ತಳಿಗಳಿಗೆ ಕಸಿಯ ಅಗತ್ಯವೇ ಇಲ್ಲ. ದೊಡ್ಡ ಹೂವಿನವು ಕಡ್ಡಿಯಿಂದ ಸುಲಭವಾಗಿ ಬೇರೊಡೆಯುವುದಿಲ್ಲ; ಇವು ಒಡೆಯುತ್ತವೆ. ಹೂ ಉದುರಿದ, ಹೆಚ್ಚು ಎಳೆಯದೂ ಬಲಿತದ್ದೂ ಅಲ್ಲದ ಕೊಂಬೆಯಿಂದ ಮೂರು ನಾಲ್ಕು ಗೆಣ್ಣುಗಳಿರುವ, 10–15 ಸೆಂ.ಮೀ. ಉದ್ದದ ತುಂಡು ತೆಗೆದುಕೊಳ್ಳಬೇಕು. ಕೆಳತುದಿಯನ್ನು ಗೆಣ್ಣಿನ ಕೆಳಗೆ ಕತ್ತರಿಸಿ, ಮೇಲಿನ ಒಂದು ಎಲೆ ಉಳಿಸಿ ಉಳಿದವನ್ನು ತೆಗೆದು, ಮರಳು ಮತ್ತು ಕೆಮ್ಮಣ್ಣು ಸಮನಾಗಿ ಬೆರೆಸಿದ ಚೀಲದಲ್ಲಿ ಎರಡು ಗೆಣ್ಣು ಮುಳುಗುವಂತೆ ಊರಬೇಕು. ಬೇರು ಬರಿಸುವ ಪುಡಿ ಸಿಕ್ಕಿದರೆ ಹಚ್ಚಬಹುದು. ಜೂನ್–ಜುಲೈ ತಿಂಗಳ ಮೋಡದ ದಿನಗಳು ಈ ಕೆಲಸಕ್ಕೆ ಅನುಕೂಲ. ನೆರಳಿನಲ್ಲಿಟ್ಟು ತೇವ ಕಾಯ್ದರೆ ಸುಮಾರು 30–40 ದಿನಗಳಲ್ಲಿ ಬೇರು ಬರುತ್ತದೆ. ಮೊದಲು ಚಿಗುರು ಕಂಡಿತೆಂದು ಕಿತ್ತು ನೋಡಬಾರದು; ಕಡ್ಡಿಯಲ್ಲಿದ್ದ ಸತ್ವದಿಂದಲೇ ಬೇರಿಲ್ಲದ ಚಿಗುರೂ ಬರುತ್ತದೆ. ಸ್ವಂತ ಬೇರಿನ ಗಿಡ ಮೊದಲ ವರ್ಷ ನಿಧಾನ. ಆದರೆ ಬುಡದಿಂದ ಏನು ಚಿಗುರಿದರೂ ಅದು ಅದೇ ಕೆಂಪು ಗುಲಾಬಿ.

ನಗರದ ಸುತ್ತಲಿನ ಹಳ್ಳಿಗಳ ಹೂ ಬೆಳೆಗಾರರು ಇದನ್ನು ಉಪಕಸುಬಾಗಿ ಮಾಡಬಹುದು. ಒಂದು ವಿಷಯದಲ್ಲಿ ಎಚ್ಚರ ಬೇಕು. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯಡಿ ನೋಂದಣಿಯಾದ ಹೊಸ ತಳಿಗಳನ್ನು ಹಕ್ಕುದಾರರ ಒಪ್ಪಿಗೆಯಿಲ್ಲದೆ ವ್ಯಾಪಾರಕ್ಕಾಗಿ ವೃದ್ಧಿ ಮಾಡುವಂತಿಲ್ಲ. ಬಹುಕಾಲದಿಂದ ರೂಢಿಯಲ್ಲಿರುವ ಹಳೆಯ ತಳಿಗಳಿಗೆ ಈ ತೊಡಕಿಲ್ಲ.

ಜಾಗ, ಮಣ್ಣು, ನೀರು

ದಿನಕ್ಕೆ ಐದಾರು ಗಂಟೆ ಬಿಸಿಲು ಬೇಕು. ಬೆಳಗಿನ ಬಿಸಿಲಾದರೆ ಉತ್ತಮ. ಪಡುವಣ ಗೋಡೆಯ ಬುಡದಲ್ಲಿ ಏಪ್ರಿಲ್ ತಿಂಗಳ ಝಳಕ್ಕೆ ಕಡುಗೆಂಪು ದಳಗಳ ಅಂಚು ಸುಟ್ಟು ಕಪ್ಪಾಗುತ್ತದೆ. 45 ಸೆಂ.ಮೀ. ಉದ್ದ, ಅಗಲ, ಆಳದ ಗುಂಡಿ ತೋಡಿ, ಮನೆ ಕಟ್ಟುವಾಗ ಉಳಿದ ಗಾರೆ, ಸಿಮೆಂಟಿನ ಚೂರುಗಳನ್ನು ಪೂರ್ತಿ ತೆಗೆದುಹಾಕಬೇಕು. ಮೇಲ್ಮಣ್ಣಿಗೆ 4–5 ಕಿ.ಗ್ರಾಂ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, 100 ಗ್ರಾಂ ಬೇವಿನ ಹಿಂಡಿ ಬೆರೆಸಿ ತುಂಬಬೇಕು. ಗಿಡದಿಂದ ಗಿಡಕ್ಕೆ ಒಂದೂವರೆ ಅಡಿ ಅಂತರ ಸಾಕು.

ಹೊರಗಿನಿಂದ ಬರುವ ಗಿಡಗಳ ಬೇರಿನ ಸುತ್ತ ಅಂಟು ಜೇಡಿಯ ಉಂಡೆ ಇರುತ್ತದೆ. ಅದನ್ನು ಹಾಗೆಯೇ ಕೆಂಪು ಮಣ್ಣಿನಲ್ಲಿ ಹೂತರೆ ಬೇರು ಉಂಡೆಯಿಂದ ಹೊರಬರುವುದಿಲ್ಲ. ಹಾಕಿದ ನೀರು ಪಕ್ಕದಲ್ಲಿ ಇಳಿದುಹೋಗಿ ಒಳಗೆ ಬೇರು ಒಣಗುತ್ತದೆ. ಉಂಡೆಯನ್ನು ಬಕೆಟ್ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಹೊರಗಿನ ಜೇಡಿಯನ್ನು ಬೇರು ಹರಿಯದಂತೆ ಬಿಡಿಸಿ ನೆಡಬೇಕು.

ಕೊಳವೆ ಬಾವಿಯ ಗಡಸು ನೀರು ಹಾಕುವಲ್ಲಿ ಎಳೆಯ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿಯುತ್ತದೆ. ಇದು ಕಬ್ಬಿಣದ ಕೊರತೆ. ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ, ಕೊಂಚ ನಿಂಬೆರಸ ಬೆರೆಸಿ ಸಂಜೆ ಸಿಂಪಡಿಸಿದರೆ ಹಸಿರು ಮರಳುತ್ತದೆ. ಮಳೆನೀರು ಹಿಡಿದು ಹಾಕುವುದು ಇದಕ್ಕಿಂತ ಮೇಲು. ಎರಡು ತಿಂಗಳಿಗೊಮ್ಮೆ ಗಿಡಕ್ಕೆ 15–20 ಗ್ರಾಂ, ಕುಂಡಕ್ಕಾದರೆ 5 ಗ್ರಾಂ 17:17:17 ಗೊಬ್ಬರ ಸಾಕು.

ಚಾಟನಿಯ ಕಾಲ

ಅಕ್ಟೋಬರಿನಲ್ಲಿ ಚಾಟನಿ ಮಾಡಬೇಕೆಂಬುದು ಪುಸ್ತಕದ ಮಾತು. ಮೈಸೂರಿನಲ್ಲಿ ಮೇ ತಿಂಗಳ ಹಾಗೆ ಅಕ್ಟೋಬರಿನಲ್ಲೂ ಮಳೆ ಜೋರು. ಮಳೆಯಲ್ಲಿ ಕತ್ತರಿಸಿದ ಗಾಯದಿಂದ ತುದಿ ಒಣಗುವ ರೋಗ ಒಳಸೇರುತ್ತದೆ. ಮಳೆ ಹಿಂದೆಗೆದ ಮೇಲೆ, ನವೆಂಬರ್ ಮೊದಲ ಪಕ್ಷದಲ್ಲಿ ಮಾಡುವುದು ಲೇಸು. ಗಿಡ್ಡ ತಳಿಗಳಿಗೆ ಮೂರನೆಯ ಒಂದು ಭಾಗ ಸವರಿ, ಒಣಗಿದ ಕೊಂಬೆಗಳನ್ನು ತೆಗೆದರೆ ಆಯಿತು. ಗಾಯಕ್ಕೆ ಬೋರ್ಡೋ ಮುಲಾಮು ಹಚ್ಚಬೇಕು. ಸುಮಾರು 45 ದಿನಗಳಿಗೆ ಹೂ ಆರಂಭವಾಗಿ ಸಂಕ್ರಾಂತಿಗೆ ಗಿಡ ತುಂಬುತ್ತದೆ. ದಸರೆಗೂ ಹೂ ಬೇಕೆನ್ನುವವರು ವಿಜಯದಶಮಿಗೆ 45–50 ದಿನ ಮೊದಲು ತುದಿಗಳನ್ನು ಮಾತ್ರ ಚಿವುಟಬಹುದು.

ರೋಗ ಮತ್ತು ಕೀಟ

ನವೆಂಬರಿನಿಂದ ಫೆಬ್ರವರಿಯವರೆಗೆ ಬೂದಿ ರೋಗ ಬರಬಹುದು. ಲೀಟರ್ ನೀರಿಗೆ 2 ಗ್ರಾಂ ನೀರಿನಲ್ಲಿ ಕರಗುವ ಗಂಧಕ ತಂಪು ಹೊತ್ತಿನಲ್ಲಿ ಸಿಂಪಡಿಸಿದರೆ ಹತೋಟಿಗೆ ಬರುತ್ತದೆ. ಬೇವಿನ ಎಣ್ಣೆ ಸಿಂಪಡಿಸಿದ ಎರಡು ವಾರದೊಳಗೆ ಗಂಧಕ ಬಳಸಿದರೆ ಎಲೆ ಸುಡುತ್ತದೆ. ಬೇಸಿಗೆಯ ಜೇಡ ನುಸಿಗೆ ಬೆಳಗಿನ ಹೊತ್ತು ಎಲೆಯಡಿಗೆ ರಭಸದಿಂದ ನೀರು ಹಾಯಿಸುವುದೇ ಮೊದಲ ಮದ್ದು.

ಕಪ್ಪು ಚುಕ್ಕೆ ರೋಗದ ಶಿಲೀಂಧ್ರ ಎಲೆಯೊಳಗೆ ಇಳಿಯಲು ಎಲೆ ಏಳೆಂಟು ಗಂಟೆ ಒದ್ದೆಯಾಗಿರಬೇಕು. ಸಂಜೆ ಎಲೆಯ ಮೇಲೆ ನೀರು ಸುರಿದವರು ರೋಗವನ್ನು ಕೈಯಾರೆ ಕರೆದಂತೆ. ವರ್ಷಕ್ಕೆ ಸುಮಾರು 800 ಮಿ.ಮೀ. ಮಳೆಯ ಮೈಸೂರಿನಲ್ಲಿ ಬುಡಕ್ಕೆ ಮಾತ್ರ ನೀರು ಹಾಕಿ, ಉದುರಿದ ಎಲೆ ಆರಿಸಿ ಸುಟ್ಟರೆ ಇದು ಅಷ್ಟಾಗಿ ಕಾಡುವುದಿಲ್ಲ. ಮಂಗಳೂರು, ಉಡುಪಿಯ ನೆಂಟರ ಮನೆಗೆ ಗಿಡ ಒಯ್ಯುವವರು ಮಾತ್ರ ಇದನ್ನು ಗಮನದಲ್ಲಿಡಬೇಕು. ಅಲ್ಲಿ 3,500 ಮಿ.ಮೀ.ಗೂ ಹೆಚ್ಚು ಮಳೆ; ಎಲೆ ಆರಲು ಬಿಡುವೇ ಇಲ್ಲ. ಕರಾವಳಿಯಲ್ಲಿ ಗಿಡವನ್ನು ಕುಂಡದಲ್ಲೇ ಬೆಳೆಸಿ, ಜೂನಿನಿಂದ ಸೆಪ್ಟೆಂಬರ್‌ವರೆಗೆ ಬೆಳಕು ಬೀಳುವ ಸೂರಿನಡಿ ಇಡಬೇಕು. ಮುರಕಲ್ಲಿನ ಮಣ್ಣು ಹುಳಿಯಾದ್ದರಿಂದ ಕುಂಡಕ್ಕೆ ಒಂದು ಹಿಡಿ ಸುಣ್ಣದ ಪುಡಿ ಬೆರೆಸಬೇಕು. ಸಮುದ್ರಕ್ಕೆ ತೀರ ಹತ್ತಿರದ ಮನೆಗಳಲ್ಲಿ ಉಪ್ಪು ಗಾಳಿ ನೇರ ಬಡಿಯದಂತೆ ದಾಸವಾಳದ ಬೇಲಿಯ ಮರೆಯಲ್ಲಿ ಕುಂಡಗಳನ್ನು ಜೋಡಿಸುವುದು ಒಳ್ಳೆಯದು.