ಉದ್ದ ಕೂದಲಿದ್ದರೆ ಪರ್ಷಿಯನ್ ಆಗುತ್ತದೆಯೇ? – ಅನುವಂಶೀಯತೆ ಪಾಠದಲ್ಲಿ ಬೆಕ್ಕು ಮತ್ತು ಕುರಿ

ಬೋಧನಾಭ್ಯಾಸಕ್ಕೆ ನನಗೆ ಸಿಕ್ಕಿದ್ದು ಕೂಡ್ಲಿಗಿ ತಾಲ್ಲೂಕಿನ ಒಂದು ಪ್ರೌಢಶಾಲೆ, ಹತ್ತನೇ ತರಗತಿ, ‘ಅನುವಂಶೀಯತೆ’ ಘಟಕ. ಮೆಂಡೆಲನ ಬಟಾಣಿ ಗಿಡವನ್ನು ನಮ್ಮ ಕಡೆಯ ಮಕ್ಕಳು ಹೊಲದಲ್ಲಿ ಕಂಡವರಲ್ಲ. ಶೇಂಗಾ, ಜೋಳ, ಮೆಕ್ಕೆಜೋಳ ಅವರಿಗೆ ಗೊತ್ತು. ಹಾಗಾಗಿ ಎಲ್ಲರ ಮನೆಯಲ್ಲೂ ಇರುವ ಬೆಕ್ಕಿನಿಂದ ಪಾಠ ಆರಂಭಿಸೋಣ ಎಂದುಕೊಂಡು, ಹನ್ನೆರಡು ತಳಿಗಳ ಬಣ್ಣದ ಚಿತ್ರಪಟ ತಯಾರಿಸಿದೆ. ಪರ್ಷಿಯನ್, ಸಯಾಮೀಸ್, ಬೆಂಗಾಲ್, ಬಾಂಬೆ, ರಷ್ಯನ್ ಬ್ಲೂ, ಮೇನ್ ಕೂನ್ ಹೀಗೆ. ಎರಡು ರಾತ್ರಿ ಕೂತು ಮಾಡಿದ ಪಟ. ಚೆನ್ನಾಗಿಯೇ ಬಂದಿತ್ತು.

ಪ್ರೇರಣಾ ಹಂತ ಅಬ್ಬರದಿಂದ ನಡೆಯಿತು. ‘ನಿಮ್ಮ ಮನೆಯ ಬೆಕ್ಕು ಇದರಲ್ಲಿ ಯಾವುದು?’ ಎಂದು ಕೇಳಿದ್ದೇ ತಡ, ಮೈಮೇಲೆ ಚುಕ್ಕೆ ಇದ್ದದ್ದೆಲ್ಲ ಬೆಂಗಾಲ್ ಆಯಿತು, ಕರಿ ಬೆಕ್ಕೆಲ್ಲ ಬಾಂಬೆ, ಬೂದಿ ಬಣ್ಣದ್ದು ರಷ್ಯನ್ ಬ್ಲೂ. ಒಬ್ಬಳು ಹಣೆಯ ಮೇಲೆ ‘ಎಂ’ ಆಕಾರದ ಗೆರೆ ಇದೆ, ಆದ್ದರಿಂದ ಮೇನ್ ಕೂನ್ ಎಂದಳು. ನಾನು ಎಲ್ಲಕ್ಕೂ ‘ಗುಡ್’ ಎಂದೆ. ಅವಧಿ ಮುಗಿದ ಮೇಲೆ ವೀಕ್ಷಣೆಗೆ ಬಂದಿದ್ದ ನಮ್ಮ ಮಾರ್ಗದರ್ಶಕರು ವೀಕ್ಷಣಾ ಹಾಳೆಯಲ್ಲಿ ಒಂದೇ ಸಾಲು ಬರೆದಿದ್ದರು: ‘ಇವುಗಳಲ್ಲಿ ಒಂದಾದರೂ ಬೆಕ್ಕಿನ ತಳಿ ಅದೇ ಎಂದು ನಿಮಗೆ ಹೇಗೆ ಗೊತ್ತು?’

ಗೊತ್ತಿರಲಿಲ್ಲ. ಬೇಸರವೂ ಆಯಿತು, ಯಾಕೆಂದರೆ ಪಾಠ ಯೋಜನೆಯ ಐದೂ ಹಂತ ಸಮಯಕ್ಕೆ ಸರಿಯಾಗಿ ಮುಗಿದಿದ್ದವು. ಆದರೆ ಅದೇ ಸಂಜೆ ಒಬ್ಬ ಹುಡುಗ ಸ್ಟಾಫ್ ರೂಮಿನ ಬಾಗಿಲಿಗೆ ಬಂದು ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದ. ಬಿಳಿ ಮೈ, ಉದ್ದ ಕೂದಲು, ಜೊಂಪೆ ಬಾಲ. ಅವರಣ್ಣ ಪೇಟೆಯ ಮಾರಾಟಗಾರನೊಬ್ಬನಿಂದ ವೀಡಿಯೊ ನೋಡಿ ಏಳು ಸಾವಿರಕ್ಕೆ ತಂದದ್ದು. ‘ಡಾಲ್ ಫೇಸ್ ಪರ್ಷಿಯನ್, ಟ್ರಿಪಲ್ ಕೋಟ್’ ಎಂದು ಅವನು ಹೇಳಿದ್ದನಂತೆ. ಈಗ ಅವನ ಹತ್ತಿರವೇ ಒಂದು ಗಂಡು ಬೆಕ್ಕಿಗೆ ಸಾವಿರದ ಐನೂರು ಮುಂಗಡ ಕೊಟ್ಟಿದ್ದಾರೆ. ಮರಿ ಹಾಕಿಸಿ ಒಂದೊಂದನ್ನು ಆರು ಸಾವಿರಕ್ಕೆ ಮಾರುವ ಲೆಕ್ಕ. ದುಡ್ಡು ಎರಡು ಟಗರು ಮಾರಿದ್ದು. ‘ಇದು ಪರ್ಷಿಯನ್ನೇ ಅಲ್ರಿ ಟೀಚರ್? ನಿಮ್ಮ ಚಾರ್ಟಿನಾಗ ಇರೋ ಹಂಗೇ ಐತಿ’ ಎಂದ. ನನ್ನ ಪಟ ಒಂದು ಮನೆಯ ವ್ಯವಹಾರಕ್ಕೆ ಸಾಕ್ಷಿಯಾಗಿ ನಿಂತಿತ್ತು. ‘ನಾಳೆ ಹೇಳ್ತೀನಿ’ ಎಂದು ಕಳಿಸಿದೆ.

ರಾತ್ರಿ ಓದಿದ್ದರಲ್ಲಿ ತರಗತಿಗೆ ಬೇಕಾದಷ್ಟನ್ನು ಇಲ್ಲಿ ಬರೆಯುತ್ತೇನೆ. ಸಾಕು ಬೆಕ್ಕು ಮನುಷ್ಯನ ಜೊತೆ ಸಾವಿರಾರು ವರ್ಷಗಳಿಂದ ಇದೆ. ಆದರೆ ‘ತಳಿ’ ಎಂದು ಕರೆಯುವುದೆಲ್ಲ ಬಹುಪಾಲು ಕಳೆದ ನೂರೈವತ್ತು ವರ್ಷಗಳ ಕೆಲಸ. ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನಲ್ಲಿ ದೊಡ್ಡ ಬೆಕ್ಕು ಪ್ರದರ್ಶನ ನಡೆದದ್ದು 1871ರಲ್ಲಿ. ಅಮೆರಿಕದ ಕ್ಯಾಟ್ ಫ್ಯಾನ್ಸಿಯರ್ಸ್ ಅಸೋಸಿಯೇಷನ್ ಹುಟ್ಟಿದ್ದು 1906ರಲ್ಲಿ. ಇಂಥ ಸಂಸ್ಥೆಗಳ ದಾಖಲೆಯಲ್ಲಿ ತಂದೆ, ತಾಯಿ, ಅಜ್ಜ, ಅಜ್ಜಿಯ ಹೆಸರು ಇದ್ದರೆ ಅದು ತಳಿ ಬೆಕ್ಕು. ಉಳಿದದ್ದೆಲ್ಲ ಮನೆ ಬೆಕ್ಕು, ಎಷ್ಟೇ ಚೆಂದ ಇರಲಿ.

ಹೆಸರುಗಳೂ ದಾರಿ ತಪ್ಪಿಸುತ್ತವೆ. ಬಾಂಬೆ ಬೆಕ್ಕಿಗೂ ಮುಂಬಯಿಗೂ ಸಂಬಂಧವಿಲ್ಲ. 1950ರ ದಶಕದ ಕೊನೆಯಲ್ಲಿ ಅಮೆರಿಕದ ಕೆಂಟಕಿ ರಾಜ್ಯದಲ್ಲಿ ನಿಕ್ಕಿ ಹಾರ್ನರ್ ಎಂಬಾಕೆ ಬರ್ಮೀಸ್ ಬೆಕ್ಕನ್ನು ಕರಿ ಅಮೆರಿಕನ್ ಶಾರ್ಟ್‌ಹೇರ್ ಜೊತೆ ಕೂಡಿಸಿ ಬೆಳೆಸಿದ ತಳಿ ಅದು. ನಮ್ಮ ದೇಶದ ಕರಿಚಿರತೆಯಂತೆ ಕಾಣಲಿ ಎಂಬ ಆಸೆಯಿಂದ ಆ ಹೆಸರು. ಹಿಮಾಲಯನ್ ಎಂಬುದು ಪರ್ಷಿಯನ್ ಮತ್ತು ಸಯಾಮೀಸ್ ಕೂಡಿಸಿದ್ದು, ಹಿಮಾಲಯದಲ್ಲಿ ಹುಟ್ಟಿದ್ದಲ್ಲ. ಬೆಂಗಾಲ್ ತಳಿ ಬಂದದ್ದು ಸಾಕು ಬೆಕ್ಕನ್ನು ಚಿರತೆ ಬೆಕ್ಕಿನೊಂದಿಗೆ ಕೂಡಿಸಿ, ಅದೂ ಅಮೆರಿಕದಲ್ಲಿ. ಆ ಚಿರತೆ ಬೆಕ್ಕು ನಮ್ಮ ಪಶ್ಚಿಮ ಘಟ್ಟದ ಕಾಡಿನಲ್ಲೂ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಅದಕ್ಕಿದೆ, ಹಿಡಿಯುವುದೂ ಮಾರುವುದೂ ಅಪರಾಧ. ನಮ್ಮ ಓಣಿಯ ಚುಕ್ಕೆ ಬೆಕ್ಕಿಗೂ ಅದಕ್ಕೂ ನಂಟಿಲ್ಲ. ಇನ್ನು ಹಣೆಯ ಮೇಲಿನ ‘ಎಂ’ ಪಟ್ಟೆ ಮೈಯ ಬೆಕ್ಕುಗಳಲ್ಲೆಲ್ಲ ಇರುತ್ತದೆ.

‘ಟ್ರಿಪಲ್ ಕೋಟ್’ ಎಂಬುದು ನನಗೆ ಹೆಚ್ಚು ನಗು ತರಿಸಿತು. ಹೊರಗಿನ ಒರಟು ಕೂದಲು, ನಡುವಿನ ಕೂದಲು, ಒಳಗಿನ ಮೃದು ತುಪ್ಪಳ – ಈ ಮೂರು ಬಗೆ ಸಾಮಾನ್ಯ ಬೆಕ್ಕಿಗೂ ಇರುತ್ತವೆ. ಅದಕ್ಕೆ ಹೆಚ್ಚಿನ ಬೆಲೆ ಕೊಡುವುದೆಂದರೆ ನಾಲ್ಕು ಕಾಲಿದೆ ಎಂದು ಎಮ್ಮೆಗೆ ಹೆಚ್ಚು ದುಡ್ಡು ಕೊಟ್ಟಂತೆ.

ಮರುದಿನ ಚಿತ್ರಪಟವನ್ನು ಗೋಡೆಗೆ ಹಾಕಲಿಲ್ಲ. ಕುರಿಯಿಂದ ಶುರು ಮಾಡಿದೆ. ತಿಳಿದುದರಿಂದ ತಿಳಿಯದುದರೆಡೆಗೆ ಎಂಬ ಸೂತ್ರವನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದೆ, ಅದರ ಬಲ ಕಂಡದ್ದು ಅಂದು. ಬಳ್ಳಾರಿ ಕುರಿ ಹೇಗೆ ಗುರುತಿಸುತ್ತೀರಿ ಎಂದರೆ ಹಿಂದಿನ ಬೆಂಚಿನ, ಎಂದೂ ಬಾಯಿ ಬಿಡದ ಹುಡುಗರು ಎದ್ದು ನಿಂತರು. ಬಣ್ಣ ಬಿಳಿ, ಕರಿ, ಮಿಶ್ರ ಎಲ್ಲ ಇರುತ್ತದೆ, ಅದನ್ನು ನೋಡಬಾರದು. ಜೋತ ಕಿವಿ ನೋಡಬೇಕು, ಕಂಬಳಿಗೆ ಆಗುವ ಒರಟು ಉಣ್ಣೆ ನೋಡಬೇಕು, ಹೆಣ್ಣಿಗೆ ಕೊಂಬಿರುವುದಿಲ್ಲ. ಬನ್ನೂರು ಕುರಿ ಗಿಡ್ಡ, ಹಿಂದಿನಿಂದ ನೋಡಿದರೆ ತುಂಬಿಕೊಂಡಿರುತ್ತದೆ. ಕೆಂಗುರಿ ರಾಯಚೂರಿನ ಕಡೆಯದು, ಹೆಸರಿನಲ್ಲೇ ಕೆಂಪು ಇದೆ. ಇಷ್ಟು ಹೇಳಿದವರಲ್ಲಿ ಇಬ್ಬರು ಹಿಂದಿನ ಘಟಕ ಪರೀಕ್ಷೆಯಲ್ಲಿ ಐದು ಅಂಕ ದಾಟಿರಲಿಲ್ಲ.

ಆಗ ಬೆಕ್ಕಿಗೆ ಬಂದೆ. ಬೆಕ್ಕಿನ ಗಿಡ್ಡ ಕೂದಲು ಪ್ರಬಲ ಗುಣ, ಉದ್ದ ಕೂದಲು ದುರ್ಬಲ ಗುಣ. ತಂದೆ ತಾಯಿ ಎರಡಕ್ಕೂ ಗಿಡ್ಡ ಕೂದಲಿದ್ದು, ಎರಡೂ ಒಂದೊಂದು ದುರ್ಬಲ ಜೀನನ್ನು ಅಡಗಿಸಿಕೊಂಡಿದ್ದರೆ? ಮಕ್ಕಳೇ ಚೌಕ ಬರೆದರು: ಸರಾಸರಿ ನಾಲ್ಕರಲ್ಲಿ ಒಂದು ಮರಿಗೆ ಉದ್ದ ಕೂದಲು. ಅಂದರೆ ಓಣಿಯ ಎರಡು ಸಾದಾ ಬೆಕ್ಕುಗಳಿಗೆ, ಪರ್ಷಿಯಾದ ಗಾಳಿಯೂ ಸೋಕದೆ, ಜೊಂಪೆ ಬಾಲದ ಮರಿ ಹುಟ್ಟಬಹುದು. ಬೂದಿ ಬಣ್ಣವೂ ಹೀಗೆಯೇ ಒಂದು ದುರ್ಬಲ ಜೀನಿನ ಆಟ, ಕರಿ ಬಣ್ಣವನ್ನು ತೆಳುಗೊಳಿಸುತ್ತದೆ, ಅಷ್ಟೇ. ವ್ಯಕ್ತರೂಪ ನೋಡಿ ವಂಶ ಹೇಳಲಾಗದು ಎಂಬ ಮಾತನ್ನು ನಾನು ಕಪ್ಪು ಹಲಗೆಯ ಮೇಲೆ ಬರೆಯುವ ಮೊದಲೇ ಅವರು ಹೇಳಿದರು.

ಇಲ್ಲಿ ನಾನು ಎಣಿಸದ ತಿರುವು ಬಂತು. ಆ ಹುಡುಗ ಎದ್ದು, ‘ಟೀಚರ್, ಎರಡೂ ಉದ್ದ ಕೂದಲಿಂದು ಕೂಡಿಸಿದ್ರ ಎಲ್ಲಾ ಮರೀನೂ ಉದ್ದ ಕೂದಲಿನವೇ ಅಲ್ರಿ?’ ಎಂದ. ಚೌಕ ಬರೆದಿದ್ದ. ಸರಿಯಾಗಿಯೇ ಇತ್ತು. ‘ಹಂಗಾರ ಎಲ್ಲಾ ಪರ್ಷಿಯನ್!’ ತರಗತಿ ಎರಡು ಭಾಗವಾಯಿತು. ನಾನು ಉತ್ತರಿಸುವ ಮುನ್ನ ಹಟ್ಟಿಯ ಹುಡುಗಿಯೊಬ್ಬಳು ಕೇಳಿದಳು: ‘ಕೆಂಗುರಿ ಟಗರಿಗೆ ನಮ್ಮ ಕುರಿ ಕೂಡಿಸಿದ್ರ ಕೆಂಪು ಮರಿ ಹುಟ್ಟತೈತಿ. ಅದನ್ನ ಕೆಂಗುರಿ ಅಂತ ಮಾರ್ತೀಯೇನು?’ ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಸಂತ್ಯಾಗ ಮಾರ್ತಾರ. ತಿಳಿದೋರು ತಗಳಲ್ಲ’ ಎಂದ. ಆಮೇಲೆ ನನ್ನ ಕಡೆ ತಿರುಗಿ, ಮೆಲ್ಲಗೆ, ‘ಹಂಗಾರ ನಾವು ತಗಂಡಿದ್ದು ಏನ್ರಿ?’

ಅವನ ಬೆಕ್ಕಿನ ವಿಷಯವೆಂದು ಯಾರಿಗೂ ಹೇಳಿರಲಿಲ್ಲ. ಆದರೆ ಆ ಒಂದು ಪ್ರಶ್ನೆಯಿಂದ ಎಲ್ಲರಿಗೂ ತಿಳಿಯಿತು. ಕೆಲವರು ನಕ್ಕರು. ಇದು ನನ್ನ ತಪ್ಪು. ಉದಾಹರಣೆ ಒಂದು ಮಗುವಿನ ಮನೆಗೆ ತಾಗುವಂತಿದ್ದರೆ ಮೊದಲೇ ಅವನೊಂದಿಗೆ ಪ್ರತ್ಯೇಕವಾಗಿ ಮಾತಾಡಬೇಕಿತ್ತು. ಮಧ್ಯಾಹ್ನ ಊಟದ ಹೊತ್ತಿಗೆ ಕರೆದು ಮಾತಾಡಿದೆ. ಚಿತ್ರದಿಂದ ನಾನು ಪರ್ಷಿಯನ್ ಹೌದು ಎಂದೂ ಹೇಳಲಾರೆ, ಅಲ್ಲ ಎಂದೂ ಹೇಳಲಾರೆ. ಮೂಗು ನಮ್ಮ ಬೆಕ್ಕಿನ ಹಾಗೆ ಉದ್ದ ಇರುವುದರಿಂದ ಅನುಮಾನ ಹೆಚ್ಚು ಎಂದೆ. ಮಾರಾಟಗಾರನ ಬಳಿ ಏನು ಕೇಳಬೇಕು ಎಂದು ಇಬ್ಬರೂ ಕೂತು ಬರೆದೆವು: ತಂದೆ ತಾಯಿಯನ್ನು ಕಣ್ಣಾರೆ ನೋಡಬಹುದೇ, ವಂಶ ದಾಖಲೆಯ ನೋಂದಣಿ ಸಂಖ್ಯೆ ಏನು, 2018ರ ಸಾಕುಪ್ರಾಣಿ ಅಂಗಡಿ ನಿಯಮದಂತೆ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಆಗಿದೆಯೇ. ಪರ್ಷಿಯನ್ ಸಂತತಿಯಲ್ಲಿ ಮೂತ್ರಪಿಂಡದಲ್ಲಿ ನೀರುಗುಳ್ಳೆ ತರುವ ಒಂದು ಪ್ರಬಲ ಜೀನ್ ಇದೆ, ತಂದೆ ತಾಯಿಗೆ ಅದರ ಪರೀಕ್ಷೆ ಆಗಿದೆಯೇ ಎಂಬುದನ್ನೂ ಸೇರಿಸಿದೆವು. ಪ್ರಬಲ ಎಂಬ ಪದವನ್ನು ಅವನೇ ಗುರುತಿಸಿ, ‘ಹಂಗಾರ ಒಬ್ಬರ ಹತ್ರ ಇದ್ರೂ ಬರ್ತೈತಿ’ ಎಂದ. ನನ್ನ ಮೌಲ್ಯಮಾಪನ ಪ್ರಶ್ನೆಗಳಲ್ಲಿ ಯಾವುದೂ ಇಷ್ಟು ತಿಳಿಸಿರಲಿಲ್ಲ.

ಮೂರು ದಿನದ ನಂತರ ಉತ್ತರ ತಂದ. ‘ಪೇಪರ್ ಬೇಕಾದ್ರ ಐದು ಸಾವಿರ ಜಾಸ್ತಿ’ ಎಂದನಂತೆ ಮಾರುವವ. ಇದನ್ನು ತರಗತಿಗೆ ಹೇಳಲು ಅವನೇ ಒಪ್ಪಿದ. ಹಟ್ಟಿಯ ಹುಡುಗಿ, ‘ರೊಕ್ಕ ಕೊಟ್ರ ಅದರ ಅವ್ವ ಬದಲಾಗ್ತಾಳೇನ್ರಿ?’ ಎಂದಳು. ಈ ಸಲ ಎಲ್ಲರ ಜೊತೆ ಅವನೂ ನಕ್ಕ. ಗಂಡು ಬೆಕ್ಕು ತರಲಿಲ್ಲ. ಮುಂಗಡ ಮರಳಿ ಬಂದಿಲ್ಲ.

ಇದೇ ಪಾಠ ಮಾಡುವವರಿಗೆ ಒಂದೆರಡು ಮಾತು. ಇದು ನಲವತ್ತು ನಿಮಿಷದಲ್ಲಿ ಮುಗಿಯುವುದಿಲ್ಲ, ಎರಡು ಅವಧಿ ಬೇಕು. ಚಿತ್ರಪಟದ ಬದಲು ಮಕ್ಕಳಿಂದಲೇ ಓಣಿಯ ಬೆಕ್ಕುಗಳ ಪಟ್ಟಿ ಮಾಡಿಸಿ. ಕೂದಲು, ಬಣ್ಣ, ಮೂಗು, ಗಂಡೋ ಹೆಣ್ಣೋ, ತಾಯಿ ಗೊತ್ತೇ ಎಂಬ ಕಾಲಗಳು ಸಾಕು. ಕೆಂಚು ಬಣ್ಣದ ಜೀನ್ ಎಕ್ಸ್ ವರ್ಣತಂತುವಿನಲ್ಲಿರುವುದರಿಂದ ಕೆಂಚು, ಕರಿ, ಬಿಳಿ ಮೂರೂ ಇರುವ ಬೆಕ್ಕು ಹೆಚ್ಚುಕಡಿಮೆ ಯಾವಾಗಲೂ ಹೆಣ್ಣೇ. ಲಿಂಗ ನಿರ್ಧಾರದ ಪಾಠಕ್ಕೆ ಆ ಪಟ್ಟಿ ಮತ್ತೆ ಉಪಯೋಗಕ್ಕೆ ಬರುತ್ತದೆ. ನಮ್ಮ ತರಗತಿಯ ಪಟ್ಟಿಯಲ್ಲಿ ಅಂಥವು ನಾಲ್ಕಿದ್ದವು, ನಾಲ್ಕೂ ಹೆಣ್ಣು.

ಘಟಕ ಪರೀಕ್ಷೆಗೆ ನಾನು ಮೊದಲೇ ತಯಾರಿಸಿದ್ದ ‘ಚಿತ್ರ ನೋಡಿ ತಳಿ ಗುರುತಿಸಿ’ ಪ್ರಶ್ನೆ ತೆಗೆದು, ‘ನಿಮಗೆ ಗೊತ್ತಿರುವ ಒಂದು ಬೆಕ್ಕಿಗೆ ಸುಳ್ಳಿಲ್ಲದ ಚೀಟಿ ಬರೆಯಿರಿ’ ಎಂದು ಕೊಟ್ಟೆ. ಆ ಹುಡುಗ ಬರೆದದ್ದು: ‘ಮನೆ ಬೆಕ್ಕು, ಹೆಣ್ಣು. ಕೂದಲು ಉದ್ದ, ಎರಡು ಜೀನೂ ದುರ್ಬಲ. ಮೂಗು ಉದ್ದ. ತಾಯಿ ನೋಡಿಲ್ಲ. ಇಲಿ ಹಿಡಿಯುತ್ತದೆ. ಮಾರಾಟಕ್ಕಿಲ್ಲ.’